ಏಡಿಯ ಪಾಪ

ಆಗಸ್ಟ್ 29

ನೋವು ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಅಷ್ಟು ಮಾತ್ರ ಬರೆದಿಡಿ ಅಂದಿದ್ದಾರೆ ಡಾಕ್ಟರ್ ಪಿಮ್. ಅಷ್ಟಕ್ಕೇ ಸುಮ್ಮನಾಗೋಳಲ್ಲ ನಾನು. ಬಾಯಿ ತೆಗೆಯೋಕಾಗದೆ ಕೂತಿದ್ದೀನಿ, ಒಳಗಿರೋದನ್ನೆಲ್ಲ ಎಲ್ಲಾದರೂ ಸುರಿಯಬೇಕಲ್ಲ. ಇಲ್ಲಿ ಸುರೀತೀನಿ. ಅವರಿಗೆ ತೋರಿಸೋಕೆ ಬೇರೆ ಚೀಟಿ ಬರೆದರಾಯ್ತು.

ನಖೋನ್ ಪೇಟೆಯಲ್ಲಿ ಸಾರನ್ನದ ಅಂಗಡಿ ನನ್ನದು. ಪ್ರನೋಮಳ ಸಾರಿಗಿಂತ ಪ್ರನೋಮಳ ಬಾಯಿ ಖಾರ ಅಂತ ಹೆಸರು. ಮೂರು ತಿಂಗಳಿಂದ ಆ ಬಾಯಿಗೆ ಬೀಗ ಬಿದ್ದಿದೆ. ಬಲಗೆನ್ನೆಯೊಳಗೆ ಕಾದ ತಂತಿ ಎಳೆದ ಹಾಗಾಗುತ್ತೆ. ಅಗಿದರೆ, ಹಲ್ಲುಜ್ಜಿದರೆ, ಫ್ಯಾನಿನ ಗಾಳಿ ತಾಗಿದರೆ, ಗಿರಾಕಿಗೆ ‘ಬನ್ನಿ’ ಅಂದರೂ ಸಾಕು. ಹಲ್ಲಿನ ಡಾಕ್ಟರು ಎರಡು ಗಟ್ಟಿ ಹಲ್ಲು ಕಿತ್ತು, “ಇದು ಹಲ್ಲಿನದಲ್ಲ ಅನ್ಸುತ್ತೆ” ಅಂದ. ಕೀಳೋ ಮುಂಚೆ ಅನ್ನಿಸಬಾರದಿತ್ತಾ ಮಹರಾಯನಿಗೆ.

ಪಿಮ್ ಹೇಳಿದ್ದು, ಇದು ಮುಖದ ನರದ ಕಾಟ, ಇದಕ್ಕೇ ಅಂತ ಒಂದು ಮಾತ್ರೆ ಇದೆ ಅಂತ. ಕಾರ್ಬಮಜೆಪಿನ್. ಬಾಯಿನೋವಿನವರ ಮಾತ್ರೆಗೆ ಇಷ್ಟುದ್ದ ಹೆಸರಿಟ್ಟವನ ಬಾಯಿಗೆ ನನ್ನ ನೋವು ಬರಲಿ. ಮಾತ್ರೆ ಇದೆ, ಆದರೆ ಈಗಲೇ ಕೊಡಲ್ಲವಂತೆ. ರಕ್ತ ತೆಗೆದು ದೊಡ್ಡ ಊರಿಗೆ ಕಳಿಸಿದ್ದಾರೆ, ವಂಶವಾಹಿ ಪರೀಕ್ಷೆಗೆ.

“ಕೆಲವರಿಗೆ ಹುಟ್ತಾನೇ ಬಂದಿರೋ ಒಂದು ಗುಣ ಇರುತ್ತಮ್ಮ. ಅಂಥವರಿಗೆ ಈ ಮಾತ್ರೆ ಆಗಿಬರಲ್ಲ. ನಮ್ಮ ಜನರಲ್ಲಿ ಅಂಥವರು ಜಾಸ್ತಿ. ಎರಡು ವಾರ ತಡ್ಕೊಳ್ಳಿ” ಅಂದರು. ಆಮೇಲೆ ಕೇಳಿದರು, “ನಿಮ್ಮ ಮನೇಲಿ ಯಾರಿಗಾದ್ರೂ ಔಷಧಿ ಆಗಿಬರದೆ ತೊಂದರೆ ಆಗಿತ್ತಾ?”

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅಲ್ಲಾಡಿಸಿದ್ದಕ್ಕೂ ನೋವು ಬಂತು.

ಅಲ್ಲಿವರೆಗೆ ಬೇರೆ ಯಾವುದೋ ಗುಳಿಗೆ ಕೊಟ್ಟಿದ್ದಾರೆ. ಜೊತೆಗೆ ಬಂದಿದ್ದು ನನ್ನ ಮಗ ನೊಪ್‌ನ ಹೆಂಡತಿ. ಅವನಿಗೆ ಮಂಜುಗಡ್ಡೆ ಲಾರಿ ಬಿಟ್ಟು ಬರೋಕಾಗಲ್ಲವಂತೆ. ದೂರದ ಈಶಾನ್ಯ ಸೀಮೆಯ ಆ ಇಸಾನ್ ಹುಡುಗಿಯ ಸ್ಕೂಟರ್ ಹಿಂದೆ ಮುಖಕ್ಕೆ ಟವೆಲ್ ಸುತ್ಕೊಂಡು ಕಳ್ಳಿ ಥರ ಹೋಗಿಬಂದೆ.

ಸೆಪ್ಟೆಂಬರ್ 1

ಗುಳಿಗೆಯಿಂದ ತಲೆ ತಿರುಗುತ್ತೆ, ನೋವು ಮಾತ್ರ ಕದಲಲ್ಲ.

ಇವತ್ತು ಅಂಗಡಿಯ ಹಳದಿ ಹುಳಿಸಾರನ್ನ ಆ ಹುಡುಗಿ ಮಾಡಿದಳು. ನನಗೆ ರುಚಿ ನೋಡೋಕಾಗಲ್ಲ, ಹುಳಿ ತಾಗಿದರೆ ಜೀವ ಹೋಗುತ್ತೆ. ಗಿರಾಕಿಗಳು ಅರ್ಧ ಬಟ್ಟಲು ಬಿಟ್ಟು ಎದ್ದರು. ಇಸಾನಿನವರ ನಾಲಿಗೆಗೆ ಕೊಳೆತ ಮೀನೊಂದು ಬಿಟ್ಟು ಏನು ಗೊತ್ತು? ಸ್ಲೇಟಿನ ಮೇಲೆ ‘ಹುಳಿ ಇಲ್ಲ, ಉಪ್ಪು ಇಲ್ಲ, ಬುದ್ಧಿನೂ ಇಲ್ಲ’ ಅಂತ ಬರೆದು ತೋರಿಸಿದೆ. ಅವಳು ಓದಿ, “ಮೊದಲಿನ ಎರಡು ನಾಳೆ ಹಾಕ್ತೀನಮ್ಮ” ಅಂದಳು. ನೊಪ್ ನಕ್ಕ. ಹೆಂಡತಿ ಏನಂದರೂ ನಗ್ತಾನೆ.

ಆಮೇಲೆ ಮತ್ತೆ ಅದೇ ರಾಗ ತೆಗೆದಳು. “ಅಮ್ಮ, ಏಡಿ ಸಾರು ಇಡೋಣ. ದಿನಾ ಹತ್ತು ಜನ ಕೇಳ್ಕೊಂಡು ಬಂದು ವಾಪಸ್ ಹೋಗ್ತಾರೆ.” ಈ ಮನೆಯೊಳಗೆ ಏಡಿ ಬರಕೂಡದು ಅಂತ ಮದುವೆ ದಿನಾನೇ ಹೇಳಿದ್ದೆ. ಯಾಕೆ ಅಂತ ಹೇಳಿಲ್ಲ, ಹೇಳೋದೂ ಇಲ್ಲ. ಸೌಟು ಎತ್ತಿ ತೋರಿಸಿದೆ.

ಸೆಪ್ಟೆಂಬರ್ 3

ಆಗಲ್ಲ. ಇವತ್ತು ಆಗಲ್ಲ.

ಸೆಪ್ಟೆಂಬರ್ 5

ಪಕ್ಕದ ಒಣಮೀನಿನ ಅಂಗಡಿಯ ಯುಪಿನಕ್ಕ ಬಂದಿದ್ದಳು. ನಾವಿಬ್ಬರೂ ಪಾಕ್ ಪನಾಂಗ್ ಕಡಲ ದಂಡೆಯವರು, ಒಂದೇ ಓಣಿ. ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟಳು. “ನಿಮ್ಮವ್ವನ ಪಾಪ ಅಲ್ಲಿಗೇ ತೀರಲಿಲ್ಲ ಅನ್ಸುತ್ತೆ ಕಣೇ ಪ್ರನೋಮ್. ಉಳಿದಿದ್ದು ನಿನ್ನ ಮೇಲೆ ಬಂತೇನೋ.”

ನಾನೂ ಅದನ್ನೇ ಅಂದುಕೊಳ್ತಿದ್ದೆ. ಬೇರೆಯವರ ಬಾಯಿಂದ ಕೇಳೋದು ಬೇಡವಾಗಿತ್ತು.

ಅವ್ವನ ಹೆಸರು ಲುವನ್. ಊರಿಗೆಲ್ಲ ಏಡಿ ಲುವನ್. ದೋಣಿ ಬಂದ ತಕ್ಷಣ ನೀಲಿ ಏಡಿ ಕೊಂಡು, ದೊಡ್ಡ ಹಂಡೆಯಲ್ಲಿ ಬೇಯಿಸಿ ಪೇಟೆಗೆ ಕಳಿಸೋಳು. ಜೀವ ಇರೋವಾಗಲೇ ಕುದಿಯೋ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಮಾಂಸ ಹಿಟ್ಟಾಗುತ್ತೆ. ನನಗೆ ಹತ್ತೊಂಬತ್ತು ಆದ ವರ್ಷ ಅವಳಿಗೆ ಫಿಟ್ಸ್ ಶುರುವಾಯ್ತು. ಆರೋಗ್ಯ ಕೇಂದ್ರದವರು ಮಾತ್ರೆ ಕೊಟ್ಟರು, ಫಿಟ್ಸ್ ನಿಂತಿತು, ಪುಣ್ಯ ಇತ್ತು ಅಂದುಕೊಂಡೆವು. ತಿಂಗಳು ತುಂಬೋದರೊಳಗೆ ಜ್ವರ. ಕಣ್ಣು ಕೆಂಡ, ಬಾಯಿ ಹುಣ್ಣು. ಆಮೇಲೆ ಮೈಯೆಲ್ಲ ಬೊಬ್ಬೆ ಎದ್ದು, ಬೆಂದ ಹಾಗೆ ಚರ್ಮ ಕಳಚಿಕೊಂಡು ಬಂತು. ಚಾಪೆಗೆ ಅಂಟುತ್ತೆ ಅಂತ ಬಾಳೆ ಎಲೆ ಮೇಲೆ ಮಲಗಿಸಿದ್ದೆವು. ನೋಡೋಕೆ ಬಂದವರು ಬಾಗಿಲಲ್ಲೇ ನಿಂತು, “ಏಡಿ ಬೇಯಿಸಿದ ಕೈ, ಏಡಿ ಥರಾನೇ ಬೇಯ್ತಾ ಇದೆ” ಅಂದರು. ಅವ್ವನಿಗೆ ಅದು ಕೇಳಿಸಿತು. ಸಾಯೋವರೆಗೂ ಏಡಿಗಳ ಕ್ಷಮೆ ಕೇಳ್ತಾ ಇದ್ದಳು.

ಹತ್ತನೇ ತಿಂಗಳ ಪಿತೃಗಳ ಹಬ್ಬಕ್ಕೆ ಎಲ್ಲರೂ ಗುಡಿಯಲ್ಲಿ ಲಾ ತಿಂಡಿ ಇಡ್ತಾರೆ. ಎಳೆ ಎಳೆಯಾಗಿ ಬಟ್ಟೆ ನೇಯ್ದ ಹಾಗೆ ಇರುತ್ತೆ, ಸತ್ತವರಿಗೆ ಹೊದೆಯೋಕೆ ಅಂತ. ನಾನು ಅವ್ವನಿಗೆ ಪ್ರತಿ ವರ್ಷ ಎರಡು ಪಾಲು ಇಡ್ತೀನಿ. ಮೈಮೇಲೆ ಚರ್ಮ ಇಲ್ಲವಲ್ಲ ಅವಳಿಗೆ.

ಸೆಪ್ಟೆಂಬರ್ 7

ಒಂದು ಬುಟ್ಟಿ ಜೀವಂತ ಏಡಿ ಕೊಂಡು ಕಡಲಿಗೆ ಬಿಟ್ಟುಬಂದೆ. ಅವ್ವನ ಹೆಸರಲ್ಲಿ ಅರ್ಧ, ನನ್ನ ಹೆಸರಲ್ಲಿ ಅರ್ಧ. ಬಿಡೋವಾಗ ಒಂದು ನನ್ನ ಹೆಬ್ಬೆರಳು ಕಚ್ಚಿ ಹೋಯ್ತು. ಪುಣ್ಯ ಮಾಡೋಕೆ ಬಂದವಳನ್ನೂ ಬಿಡಲ್ಲ ದರಿದ್ರದ್ದು.

ವಾಪಸ್ ಬರೋವಾಗ ಕಡಲಗಾಳಿ ಕೆನ್ನೆಗೆ ಹೊಡೆದು ಕೂತಲ್ಲೇ ಕುಸಿದೆ. ಸ್ಕೂಟರ್ ನಿಲ್ಲಿಸಿ ಆ ಹುಡುಗಿ ತನ್ನ ಜಾಕೆಟ್ ಬಿಚ್ಚಿ ನನ್ನ ತಲೆಗೆ ಮುಸುಕು ಹಾಕಿದಳು. ಏನಾದರೂ ಕೇಳ್ತಾಳೆ, ಏಡಿ ಯಾಕೆ ಬಿಟ್ಟಿರಿ ಅಂತ, ಅಂದುಕೊಂಡೆ. ಕೇಳಲಿಲ್ಲ.

ಮನೆಗೆ ಬಂದ ಮೇಲೆ ನೋವು ಬಿಟ್ಟೂಬಿಡದೆ ಬಂತು. ಮೀನು ಕೊಯ್ಯೋ ಕತ್ತಿ ನೋಡಿ, ಈ ಕೆನ್ನೆಯನ್ನೇ ಕೊಯ್ದು ಹಾಕಿಬಿಡಲಾ ಅನ್ನಿಸಿತು. ಸುಳ್ಳು ಯಾಕೆ ಬರೆಯಲಿ, ಅನ್ನಿಸಿತು. ಅವಳು ಕತ್ತಿ ತೊಳೆದು ಎಲ್ಲೋ ಮೇಲೆ ಇಟ್ಟಳು. ನನ್ನ ಮುಖ ನೋಡಿ ಇಟ್ಟಳೋ, ಸುಮ್ಮನೆ ಇಟ್ಟಳೋ ಗೊತ್ತಿಲ್ಲ.

ಸೆಪ್ಟೆಂಬರ್ 9

ನನಗೆ ಗೊತ್ತೇ ಇರಲಿಲ್ಲ, ಯುಪಿನಕ್ಕನಿಗೂ ಇದೇ ಮುಖದ ನೋವು ಇತ್ತಂತೆ. ಅದೇ ಮಾತ್ರೆ ತಿಂದು ಮೂರು ವರ್ಷದಿಂದ ಆರಾಮಾಗಿದ್ದಾಳೆ. ಸೊಂಟದ ಮಡಿಕೆಯೊಳಗಿಂದ ಕದ್ದ ಮಾಲು ತೆಗೆದ ಹಾಗೆ ಒಂದು ಪಟ್ಟಿ ಮಾತ್ರೆ ತೆಗೆದು ನನ್ನ ಕೈಗಿಟ್ಟಳು.

“ಆ ಡಾಕ್ಟ್ರು ಇನ್ನೂ ಮಗು ಕಣೇ. ಪುಸ್ತಕ ನೋಡ್ಕೊಂಡು ಹೆದರ್ತಾಳೆ. ಬೆಳಿಗ್ಗೆ ಒಂದು, ಸಂಜೆ ಒಂದು ನುಂಗು.”

ನಿಂಗೂ ರಕ್ತ ತೆಗೆದಿದ್ರಾ ಅಂತ ಸ್ಲೇಟಿನಲ್ಲಿ ಕೇಳಿದೆ.

“ತೆಗೆದ್ರು. ಏನೂ ಇಲ್ಲ ಅಂದ್ರು. ನಂಗೇ ಏನೂ ಆಗಿಲ್ಲ, ನಿಂಗೇನಾಗುತ್ತೆ? ಒಂದೇ ನೀರು ಕುಡಿದು ಬೆಳೆದಿಲ್ವಾ ಇಬ್ಬರೂ?”

ಪಟ್ಟಿಯನ್ನ ಬೆಲ್ಲದ ಡಬ್ಬಿ ಹಿಂದೆ ಇಟ್ಟಿದ್ದೀನಿ. ತಿನ್ನಲ್ಲ. ಇಟ್ಟಿದ್ದೀನಿ ಅಷ್ಟೇ.

ಸೆಪ್ಟೆಂಬರ್ 10

ತಿಂದೆ.

ಸೆಪ್ಟೆಂಬರ್ 12

ಊಟ ಮಾಡಿದೆ! ಅಗಿದು ಮಾಡಿದೆ. ಅನ್ನ, ಅರಿಸಿನ ಹಚ್ಚಿ ಹುರಿದ ಹಂದಿ ಮಾಂಸ, ಹಸಿ ಬದನೆಕಾಯಿ, ಎಲ್ಲ. ಕರಕರ ಅನ್ನೋ ಸದ್ದು ನನ್ನ ತಲೆಯೊಳಗೆ ಕೇಳಿ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದುಕೊಳ್ಳಲಿ ನೋಡೋರು. ಮುಖ ತೊಳೆದೆ, ಸೋಪು ಹಾಕಿ ತೊಳೆದೆ. ಫ್ಯಾನಿನ ಮುಂದೆ ಹೋಗಿ ನಿಂತೆ, ಊದು ನೋಡೋಣ ಅಂತ.

ಬೆಳಗಿಂದ ಸಂಜೆವರೆಗೆ ಎಲ್ಲರನ್ನೂ ಬೈದೆ. ತೆಂಗಿನಹಾಲಿನವನಿಗೆ ನೀರು ಬೆರೆಸಿದ್ದಕ್ಕೆ, ನೊಪ್‌ಗೆ ತಡವಾಗಿ ಎದ್ದಿದ್ದಕ್ಕೆ, ಇವಳಿಗೆ ಈರುಳ್ಳಿ ದಪ್ಪ ಹೆಚ್ಚಿದ್ದಕ್ಕೆ. “ಅಮ್ಮಂಗೆ ಬೈಯೋ ಶಕ್ತಿ ಬಂತು, ಗುಳಿಗೆ ಹಿಡೀತು” ಅಂತ ಅವಳು ನೊಪ್‌ಗೆ ಹೇಳ್ತಿದ್ದಳು. ಪೆದ್ದಿ. ಗುಳಿಗೆ ಹಿಡೀಲಿಲ್ಲ, ಯುಪಿನಕ್ಕ ಹಿಡಿದಳು. ಇದೊಂದು ಮಾತ್ರೆ ಕೊಡೋಕೆ ಆ ಪಿಮ್‌ಗೆ ಎರಡು ವಾರ ಬೇಕಂತೆ.

ಹುಳಿಸಾರು ರುಚಿ ನೋಡಿದೆ. ಪರವಾಗಿಲ್ಲ. ಹಾಗಂತ ಹೇಳಲಿಲ್ಲ.

ಸೆಪ್ಟೆಂಬರ್ 13

ಬೆಳಿಗ್ಗೆ ಮಾತ್ರೆ ನುಂಗಿ ತೆಂಗಿನಕಾಯಿ ತುರೀತಿದ್ದೆ. ಆಸ್ಪತ್ರೆಯಿಂದ ಫೋನ್ ಬಂತು, ಇವತ್ತೇ ಬನ್ನಿ ಅಂತ.

“ನಿಮ್ಮಲ್ಲಿ ಆ ಗುಣ ಇದೆ ಅಮ್ಮ” ಅಂದರು ಪಿಮ್. “ಈ ಮಾತ್ರೆ ನೀವು ಜೀವನದಲ್ಲಿ ಮುಟ್ಟೋ ಹಾಗಿಲ್ಲ. ಫಿಟ್ಸಿಗೂ ಇದನ್ನೇ ಕೊಡ್ತಾರೆ, ಆಗಲೂ ಬೇಡ ಅನ್ನಿ. ತಗೊಂಡವರಿಗೆಲ್ಲ ಆಗುತ್ತೆ ಅಂತಲ್ಲ. ಆದರೆ ಆಗಿಬಿಟ್ಟರೆ ಬಹಳ ಕೆಟ್ಟದು. ಮೊದಲು ಜ್ವರ. ಕಣ್ಣು ಕೆಂಪು, ಬಾಯಿ ತುಂಬ ಹುಣ್ಣು. ಆಮೇಲೆ ಬೊಬ್ಬೆ ಎದ್ದು, ಬಿಸಿನೀರು ಸುರಿದ ಹಾಗೆ ಚರ್ಮ ಕಳಚಿ ಬರುತ್ತೆ. ಹೆದರಿಸೋಕೆ ಹೇಳ್ತಿಲ್ಲ. ನೀವು ಎಲ್ಲೂ ತಗೊಂಡಿಲ್ಲ ತಾನೇ?”

ಇಲ್ಲ ಅಂದೆ.

ಒಂದು ಕಾರ್ಡ್ ಕೊಟ್ಟರು, ಯಾವ ಆಸ್ಪತ್ರೆಗೆ ಹೋದರೂ ತೋರಿಸಬೇಕಂತೆ. ಬೇರೆ ಔಷಧಿ ಬರೆದರು. ಅವರ ಬಾಯಿ ಆಡ್ತಾ ಇತ್ತು, ನನಗೆ ಬಾಳೆ ಎಲೆ ಕಾಣ್ತಾ ಇತ್ತು.

ಸೆಪ್ಟೆಂಬರ್ 14

ಮಾತ್ರೆ ನಿಲ್ಲಿಸಿದೆ, ನೋವು ವಾಪಸ್ ಬಂದಿದೆ. ಬರಲಿ.

ಬಿಳಿ ಮಾತ್ರೆ. ಚಿಕ್ಕದು. ಅವ್ವನ ಫಿಟ್ಸಿನ ಮಾತ್ರೆ. ನಾನೇ ಬಾಳೆಹಣ್ಣಿನೊಳಗೆ ಇಟ್ಟು ಕೊಡ್ತಿದ್ದೆ, ಕಹಿ ಅಂತಾಳೆ ಅಂತ. ಜ್ವರ ಬಂದ ಮೇಲೂ ಕೊಟ್ಟೆ. ಇನ್ನೂ ಜಾಸ್ತಿ ಜೋಪಾನದಿಂದ ಕೊಟ್ಟೆ, ಜ್ವರಕ್ಕೆ ಫಿಟ್ಸ್ ಬಂದೀತು ಅಂತ.

ಮನೇಲಿ ಯಾರಿಗಾದ್ರೂ ಔಷಧಿ ಆಗಿಬರದೆ ತೊಂದರೆ ಆಗಿತ್ತಾ ಅಂತ ಪಿಮ್ ಕೇಳಿದರು, ಇಲ್ಲ ಅಂದೆ. ಅದು ಸುಳ್ಳಲ್ಲ. ಅವ್ವ ಸತ್ತಿದ್ದು ಪಾಪದಿಂದ ಅಂತಾನೇ ಇತ್ತು ನನ್ನ ತಲೆಯಲ್ಲಿ. ಪಾಪವನ್ನ ಯಾರಾದರೂ ಡಾಕ್ಟರಿಗೆ ಹೇಳ್ತಾರಾ?

ಈಗ ನನ್ನ ಹೊಟ್ಟೆಯಲ್ಲೂ ಅದೇ ಮಾತ್ರೆ ಇದೆ. ಕೈ ತಿರುಗಿಸಿ ತಿರುಗಿಸಿ ನೋಡ್ಕೊಳ್ತಾ ಇದ್ದೀನಿ. ಯಾರಿಗೂ ಹೇಳೋ ಹಾಗಿಲ್ಲ. ಹೇಳಿದರೆ ಪಿಮ್ ಮುಂದೆ ಸುಳ್ಳಿಯಾಗ್ತೀನಿ, ಯುಪಿನಕ್ಕ ಸಿಕ್ಕಿಬೀಳ್ತಾಳೆ. ಸತ್ತರೆ ಊರವರು ಬಾಗಿಲಲ್ಲಿ ನಿಂತು ಅದೇ ಮಾತು ಹೇಳ್ತಾರೆ, ತಾಯಿ ಥರಾನೇ ಮಗಳು ಅಂತ.

ನನಗೆ ಸಾಯೋಕೆ ಭಯ ಆಗ್ತಿದೆ. ಒಂದು ವಾರದ ಹಿಂದೆ ಕತ್ತಿ ನೋಡ್ತಾ ಇದ್ದವಳು ನಾನೇನಾ?

ಸೆಪ್ಟೆಂಬರ್ 15

ತುಕ್ತಾಗೆ ಹೇಳಿಬಿಟ್ಟೆ, ನೊಪ್‌ನ ಹೆಂಡತಿಗೆ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಕೂತಿದ್ದಳು. ಎದುರಿಗೆ ಕೂತು ಸ್ಲೇಟಿನಲ್ಲಿ ಬರೆದೆ. ಮೊದಲು ಮಾತ್ರೆ ವಿಷಯ. ಅಳಿಸಿ, ಅವ್ವನ ವಿಷಯ. ಅದನ್ನೂ ಅಳಿಸಿ, ಏಡಿ ವಿಷಯ. ಮೂರು ಸಲ ಸ್ಲೇಟು ತುಂಬಿತು.

ಬೈತಾಳೆ ಅಂದುಕೊಂಡಿದ್ದೆ. ನಾನಾಗಿದ್ದರೆ ಬೀದಿಗೆ ಕೇಳೋ ಹಾಗೆ ಬೈತಿದ್ದೆ. ಅವಳು ಕೈ ತೊಳೆದು ಬಂದು, “ಎಷ್ಟು ತಿಂದ್ರಿ? ಕೊನೇದು ಯಾವಾಗ?” ಅಂದಳು. ಸ್ಟೋವ್ ಆರಿಸಿದಳು. ಮಧ್ಯಾಹ್ನದ ವ್ಯಾಪಾರದ ಹೊತ್ತು, ಸಾರು ಅರ್ಧ ಬೆಂದಿತ್ತು.

“ಸಾರು?” ಅಂದೆ. ನೋವು ಲೆಕ್ಕಿಸದೆ ಬಾಯಿಂದಲೇ ಅಂದೆ.

“ಸಾರು ಹಾಳಾಗಿ ಹೋಗ್ಲಿ. ಸ್ಕೂಟರ್ ಹತ್ತಿ.”

ಪಿಮ್ ಮುಂದೆಯೂ ಅವಳೇ ಮಾತಾಡಿದಳು. ನಾನು ತಲೆ ತಗ್ಗಿಸಿ ಕೈ ಮುಗಿದುಕೊಂಡು ಕೂತಿದ್ದೆ. ಪಿಮ್ ಹಣೆ ಹಿಡ್ಕೊಂಡರು. ಪಕ್ಕದವಳು ಕೊಟ್ಟಳು ಅಂದಾಗ, “ಅವರ ರಕ್ತಕ್ಕೆ ಅದು ಸರಿ. ಅವರ ಕನ್ನಡಕ ಹಾಕ್ಕೊಂಡು ನೀವು ರಸ್ತೆ ದಾಟ್ತೀರಾ?” ಅಂದರು. ರಕ್ತ ತೆಗೆದರು, ಬಾಯಿ ನೋಡಿದರು. ನಾಲ್ಕು ವಾರ ಕಾಯಬೇಕಂತೆ. ಸ್ವಲ್ಪ ಜ್ವರ ಬಂದರೂ ನೇರ ಬನ್ನಿ ಅಂದರು.

ತುಕ್ತಾ ಅವ್ವನ ವಿಷಯ ಎತ್ತಿದಳು. ನಾನು ಹೇಳು ಅಂದಿರಲಿಲ್ಲ. ಪಿಮ್ ಪೂರ್ತಿ ಕೇಳಿ, “ನಾನು ಅವರನ್ನ ನೋಡಿಲ್ಲ, ಹೌದು ಅಂತ ಬರ್ಕೊಡೋಕಾಗಲ್ಲ. ಆದರೆ ನೀವು ಹೇಳೋದು ಅದೇ ಥರ ಇದೆ. ಆ ಕಾಲದಲ್ಲಿ ಈ ಪರೀಕ್ಷೆ ಇರಲಿಲ್ಲಮ್ಮ. ಕೊಟ್ಟವರಿಗೂ ಗೊತ್ತಿರಲಿಲ್ಲ” ಅಂದರು.

ಸ್ಕೂಟರ್ ಮೇಲೆ ವಾಪಸ್ ಬರೋವಾಗ ಅತ್ತೆ. ಅವಳ ಬೆನ್ನು ಒದ್ದೆಯಾಯ್ತು.

ಸೆಪ್ಟೆಂಬರ್ 19

ದಿನಾ ಬೆಳಿಗ್ಗೆ ತುಕ್ತಾ ನನ್ನನ್ನ ಕಿಟಕಿ ಹತ್ತಿರ ಕೂರಿಸಿ ನೋಡ್ತಾಳೆ. ಕಣ್ಣು, ತುಟಿ, ಬೆನ್ನು, ಕಂಕುಳು. ಮೀನಿನ ಸಂತೆಯಲ್ಲಿ ಕಿವಿರು ಎತ್ತಿ ನೋಡೋ ಹಾಗೆ. “ತಾಜಾ ಇದ್ದೀರಿ” ಅಂತಾಳೆ. ಸೊಕ್ಕು.

ಹೊಸ ಔಷಧಿ ಅಷ್ಟಕ್ಕಷ್ಟೆ. ಗಂಜಿಯನ್ನ ಸ್ಟ್ರಾ ಹಾಕಿ ಹೀರ್ತೀನಿ. ಬೆಲ್ಲದ ಡಬ್ಬಿ ಹಿಂದೆ ಪಟ್ಟಿಯಲ್ಲಿ ಮೂರು ಮಾತ್ರೆ ಉಳಿದಿದ್ದವು. ನಿನ್ನೆ ನೋವು ಬಂದಾಗ, ಎಲ್ಲ ಗೊತ್ತಿದ್ದೂ, ಕೈ ಅಲ್ಲಿಗೇ ಹೋಯ್ತು. ಇರಲಿಲ್ಲ. ತುಕ್ತಾ ಅಂದೇ ತೆಗೆದು ಪಿಮ್ ಕೈಗೆ ಕೊಟ್ಟಿದ್ದಳಂತೆ. ಒಳ್ಳೇದಾಯ್ತು ಅನ್ನಲಿಲ್ಲ ನಾನು. ಡಬ್ಬಿ ಎತ್ತಿ ನೆಲಕ್ಕೆ ಬಡಿದೆ. ಅವಳೇ ಕೂತು ಬೆಲ್ಲ ಬಳಿದಳು.

ಸೆಪ್ಟೆಂಬರ್ 23

ಮೈ ಬೆಚ್ಚಗಿದೆ. ಬಾಯೊಳಗೆ ಹುಣ್ಣು.

ಅವ್ವನಿಗೂ ಹೀಗೇ ಶುರುವಾಗಿದ್ದು. ಇದನ್ನ ಆಸ್ಪತ್ರೆ ಬೆಂಚಿನ ಮೇಲೆ ಕೂತು ಬರೀತಿದ್ದೀನಿ. ನೊಪ್ ಲಾರಿ ಬಿಟ್ಟು ಬಂದಿದ್ದಾನೆ, ಗೋಡೆ ಕಡೆ ಮುಖ ಮಾಡಿ ನಿಂತಿದ್ದಾನೆ. ತುಕ್ತಾ ನನ್ನ ಕೈ ಹಿಡಿದಿದ್ದಾಳೆ, ಅದಕ್ಕೇ ಅಕ್ಷರ ಸೊಟ್ಟ.

ನನಗೆ ಏನಾದರೂ ಆದರೆ ಬಾಗಿಲಲ್ಲಿ ಯಾರನ್ನೂ ನಿಲ್ಲಿಸಬೇಡ ಅಂತ ಅವಳಿಗೆ ಹೇಳಿದ್ದೀನಿ. ಅಂಗಡಿ ಅವಳಿಗೆ. ನೊಪ್‌ಗೆ ಕೊಟ್ಟರೆ ಮಂಜುಗಡ್ಡೆ ಥರ ಕರಗಿಸಿಬಿಡ್ತಾನೆ.

ಸೆಪ್ಟೆಂಬರ್ 24

ಹಲ್ಲು. ಕಿತ್ತಿದ್ದರ ಪಕ್ಕದ ಹಲ್ಲಿನ ಚೂಪು ತುದಿ ನಾಲಿಗೆ ಕೊಯ್ದಿತ್ತು. ರಕ್ತ ಸರಿ ಇದೆ, ಜ್ವರ ಬರೀ ನೆಗಡಿದು. ಪಿಮ್ ನಕ್ಕರು. ನಾವು ಮೂವರೂ ನಗಲಿಲ್ಲ.

ನೊಪ್‌ನ ರಕ್ತವನ್ನೂ ತೆಗೆದರು. ಅವನಿಗೂ ನನ್ನ ಪಾಲು ಬಂದಿರಬಹುದಂತೆ.

ಅಕ್ಟೋಬರ್ 6

ನರಕ್ಕೆ ಸೂಜಿ ಹಾಕಿ ಮಂಕು ಮಾಡಿದರು. ಕೆನ್ನೆ ಮರದ ಹಲಗೆ. ಎಡಗಡೆ ಅಗಿಯಬಹುದು. ಮಾತಾಡಿದರೆ ಒಮ್ಮೊಮ್ಮೆ ಚುಚ್ಚುತ್ತೆ, ಇನ್ನು ಇಷ್ಟೇ ಅಂದಿದ್ದಾರೆ. ಇಷ್ಟೇ ಸಾಕು.

ನೊಪ್‌ಗೂ ಆ ಗುಣ ಇದೆ. ಅವನಿಗೂ ಕಾರ್ಡ್ ಕೊಟ್ಟರು, ಲಾರಿ ಲೈಸೆನ್ಸಿನ ಹಿಂದೆ ಇಟ್ಟುಕೊಂಡಿದ್ದಾನೆ. ನನ್ನಿಂದ ಅವನಿಗೆ, ಅವ್ವನಿಂದ ನನಗೆ. ಪಾಪ ಹೀಗೇ ಇಳಿದು ಬರುತ್ತೆ ಅಂತ ಇಷ್ಟು ವರ್ಷ ನಂಬಿದ್ದೆ. ಇಳಿದು ಬಂದಿದ್ದೇನೋ ನಿಜ. ಅದು ಪಾಪ ಆಗಿರಲಿಲ್ಲ.

ತುಕ್ತಾ ಮಾಡಿದ ಹುಳಿಸಾರು ಕೇಳಿಕೊಂಡು ಬರೋ ಗಿರಾಕಿ ಶುರುವಾಗಿದ್ದಾರೆ. ಬರಲಿ.

ಅಕ್ಟೋಬರ್ 14

ಹಬ್ಬ. ಪಿಮ್ ಹೇಳಿದ ನಾಲ್ಕು ವಾರ ಮುಗೀತು, ಚರ್ಮಕ್ಕೆ ಏನೂ ಆಗಿಲ್ಲ. ನಸುಕಿಗೇ ದೋಣಿ ದಂಡೆಗೆ ಹೋಗಿ ಏಡಿ ತಂದೆವು, ನಾನು, ತುಕ್ತಾ. ಹಂಡೆ ಇಟ್ಟೆ. ನೀರು ಕುದಿಯೋವಾಗ ಏಡಿ ಬುಟ್ಟಿ ಹಿಡಿದು ನಿಂತೇ ಇದ್ದೆ, ಅವಳು “ನಾನು ಹಾಕ್ಲಾ ಅಮ್ಮ?” ಅಂದಳು. ಬೇಡ ಅಂದೆ. ಅವ್ವ ಹಾಕ್ತಿದ್ದ ಹಾಗೆ, ಬೆನ್ನು ಹಿಡಿದು, ಮುಖ ಕೆಳಗೆ ಮಾಡಿ ಹಾಕಿದೆ. ಉಪ್ಪು, ಜಜ್ಜಿದ ನಿಂಬೆಹುಲ್ಲು. ಕೆಂಪಗಾದ ಮೇಲೆ ತೆಗೆದೆ.

ಗುಡಿಯ ಅಂಗಳದಲ್ಲಿ ಪ್ರೇತಗಳಿಗೆ ಎಡೆ ಇಡೋ ಕಟ್ಟೆ ಮೇಲೆ ಎಲ್ಲರ ಲಾ ತಿಂಡಿ, ಹಣ್ಣು, ಅನ್ನ. ನಾನು ಮಧ್ಯದಲ್ಲಿ ಜಾಗ ಮಾಡಿ ಏಡಿ ತಟ್ಟೆ ಇಟ್ಟೆ. ಲಾ ತಿಂಡಿ ಒಂದೇ ಪಾಲು ಇಟ್ಟೆ, ಎಲ್ಲರಿಗೂ ಇಡೋ ಅಷ್ಟು.

ಯುಪಿನಕ್ಕ ನನ್ನ ತೋಳು ಹಿಡಿದಳು. “ಏಡಿನಾ? ಅವಳಿಗಾ? ಆ ಪಾಪದಿಂದ ತಾನೇ ಕಣೇ ಅವಳು ಹಾಗೆ ಹೋಗಿದ್ದು?” ಸುತ್ತ ಪಾಕ್ ಪನಾಂಗ್‌ನ ಹಳಬರು ನಾಲ್ಕೈದು ಜನ ಇದ್ದರು. ಎಲ್ಲರೂ ತಿರುಗಿ ನೋಡಿದರು.

ಕೆನ್ನೆ ಚುಚ್ಚಿತು. ಚುಚ್ಚಲಿ ಅಂತ ಗಟ್ಟಿಯಾಗಿ ಹೇಳಿದೆ. “ಪಾಪ ಅಲ್ಲಕ್ಕ. ನಮ್ಮವ್ವಂಗೆ ಔಷಧಿ ಆಗಿಬರಲಿಲ್ಲ.”

ಯುಪಿನಕ್ಕ ಕೈ ಬಿಟ್ಟಳು. ನನ್ನ ಕಾರ್ಡಿನ ವಿಷಯ ಅವಳಿಗೆ ಗೊತ್ತು. ಸೊಂಟದ ಮಡಿಕೆಯಿಂದ ಮಾತ್ರೆ ತೆಗೆದುಕೊಟ್ಟ ಕೈಯನ್ನೇ ನೋಡ್ಕೊಳ್ತಾ ನಿಂತಳು.

ಭಿಕ್ಷುಗಳ ಮಂತ್ರ ಮುಗೀತು, ಕಟ್ಟೆಗೆ ಎಳೆದಿದ್ದ ಮಂತ್ರದ ದಾರ ಸುತ್ತಿ ತೆಗೆದರು. ಆಮೇಲೆ ಎಲ್ಲರೂ ಪುಣ್ಯ ಅಂತ ಪ್ರೇತದ ಪ್ರಸಾದಕ್ಕೆ ಮುಗಿಬಿದ್ದರು. ಲಾ ತಿಂಡಿ, ಹಣ್ಣು, ಕಾಸು, ಎಲ್ಲ ಚೆಲ್ಲಾಪಿಲ್ಲಿ. ಏಡಿ ತಟ್ಟೆಯನ್ನ ಮಾತ್ರ ಯಾರೂ ಮುಟ್ಟಲಿಲ್ಲ. ತುಕ್ತಾ ಜನರ ನಡುವೆ ನುಗ್ಗಿ ಅದನ್ನ ಎತ್ತಿಕೊಂಡು ಬಂದು, ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು, ಕೊಂಡಿ ಮುರಿದು ಮಾಂಸ ಬಿಡಿಸಿ ನನ್ನ ಕೈಗಿಟ್ಟಳು. ಎಡಗಡೆ ಇಟ್ಟು ಅಗಿದೆ. ಮಾಂಸ ಗಟ್ಟಿಯಾಗಿತ್ತು, ಸಿಹಿಯಾಗಿತ್ತು, ಅವ್ವ ಬೇಯಿಸಿದ ಹಾಗೇ ಇತ್ತು.

ಸ್ವಲ್ಪ ಹೊತ್ತಿಗೆ ಯುಪಿನಕ್ಕನೂ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತಳು. ಒಂದು ಕಾಲು ಮುರಿದು ಅವಳಿಗೂ ಕೊಟ್ಟೆ.

ನಾಳೆಯಿಂದ ಅಂಗಡಿಯಲ್ಲಿ ಏಡಿ ಸಾರು ಇಡು ಅಂತ ನನ್ನ ಮಗಳಿಗೆ ಹೇಳಿದ್ದೀನಿ. ಉಪ್ಪು ಅವಳೇ ನೋಡಲಿ.